ಹೆಣ್ಣು ನೋಡಲು ಬಂದವರ ಮುಂದೆ ಒಂದು ಗ್ರೀಕ್ ಪದ

ಅರವತ್ತರ ದಶಕದ ಮಾತು. ನಾನು ಹೈಸ್ಕೂಲು ಮುಗಿಸಿ ಅಕ್ಕಿಹೆಬ್ಬಾಳಿನ ನಮ್ಮ ಮನೆಯಲ್ಲಿದ್ದಾಗ ಅರಕೆರೆಯಿಂದ ಒಂದು ಸಂಬಂಧ ಬಂತು. ಅವರದೂ ನಮ್ಮಂತೆಯೇ ಗದ್ದೆ, ಕಬ್ಬು, ಹಸುಗಳ ಮನೆ. ಹುಡುಗ ಮಾತ್ರ ಡಾಕ್ಟರಿಕೆ ಓದಿ, ಆಗಷ್ಟೇ ನಾಗಮಂಗಲದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದರು.

ಅವರು ಮೈಸೂರಿಗೆ ಬಂದು ಬೆಳಗಿನ ರೈಲು ಹಿಡಿಯುತ್ತೇವೆಂದು ತಿಳಿಸಿದ್ದರು. ಅಜ್ಜಿ ನನಗೆ ಮುಂಜಾನೆಯೇ ಸೀರೆ ಉಡಿಸಿ, ಬಂದವರು ಉಣ್ಣುವ ತನಕ ಏನೂ ಬಾಯಿಗೆ ಹಾಕಬಾರದೆಂದು ಕಟ್ಟಪ್ಪಣೆ ಮಾಡಿದರು. ರೈಲು ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಅಷ್ಟು ಹೊತ್ತೂ ಅಡುಗೆಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತಲೇ ಇತ್ತು.

ಹುಡುಗ, ಅವರ ತಾಯಿ, ಸೋದರಮಾವ ನಡುಮನೆಯಲ್ಲಿ ಕುಳಿತರು. ನಾನು ಕಾಫಿ ಕೊಟ್ಟು ಎದುರಿಗೆ ಚಾಪೆಯ ಮೇಲೆ ಕೂತೆ. ಯಾರಿಗೂ ಮಾತು ತೋಚಲಿಲ್ಲ. ಆ ಮೌನದಲ್ಲಿ ನನ್ನ ಹೊಟ್ಟೆ ಗುಡುಗಿತು. ಸಣ್ಣಗೆ ಗುರ್ ಎಂದು ನಿಲ್ಲಲಿಲ್ಲ. ಬೀದಿಯಲ್ಲಿ ಎತ್ತಿನ ಗಾಡಿ ಹೋದ ಹಾಗೆ ಉದ್ದಕ್ಕೂ ಉರುಳಿತು. ನಾನು ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದೆ. ಮತ್ತೊಮ್ಮೆ ಗುಡುಗಿತು.

ಹುಡುಗನ ಬಾಯಿಂದ ತಾನಾಗಿಯೇ ಒಂದು ಮಾತು ಹೊರಬಿತ್ತು: "ಬಾರ್ಬೊರಿಗ್ಮಸ್."

ಅವರ ತಾಯಿ ಕಾಫಿ ಲೋಟ ಕೆಳಗಿಟ್ಟರು. "ಅದೇನ್ಲಾ ಅದು? ಕಾಯ್ಲೆಯಾ?"

"ನಮ್ ಮಗೀಗೆ ಯಾವ ಕಾಯ್ಲೆನೂ ಇಲ್ಲ ಕಣಪ್ಪೋ!" ಅಜ್ಜಿ ಬಾಗಿಲ ಹಿಂದಿನಿಂದ ಕೂಗಿದರು. "ಇವತ್ತಿಗೂ ಒಂದು ಮಾತ್ರೆ ನುಂಗ್ದೋಳಲ್ಲ!"

ಸೋದರಮಾವ ಎದ್ದು ನಿಂತು, ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ಎಸರು ಕೇಳುದ್ರೇನೇ ದೊಡ್ಡ ಕಾಯ್ಲೆ ಅನ್ನುಸ್ತದೆ. ನಡೀರಿ, ವೊಂಟೋಗುವ."

ನಮ್ಮಪ್ಪನ ಮುಖ ಬಾಡಿಹೋಯಿತು. ಹುಡುಗನಿಗೆ ತಾವು ಮಾಡಿದ ಅನಾಹುತ ಆಗ ತಿಳಿಯಿತು. "ಕೂತ್ಕೊ ಮಾವ! ಅದು ಕಾಯ್ಲೆ ಅಲ್ಲ. ಹಳೇ ಕಾಲದ ಗ್ರೀಕರು ಹೊಟ್ಟೆ ಸದ್ದು ಕೇಳಿ, ಅದೇ ಸದ್ದನ್ನ ಹೆಸರು ಮಾಡ್ಕೊಂಡ್ರು. ನಾವು ಗುಡುಗುಡು ಅನ್ನಾಕಿಲ್ವಾ? ಅವ್ರಿಗೆ ಅದು ಬೊರ್‌ಬೊರ್ ಅಂತ ಕೇಳುಸ್ತು. ಅಷ್ಟೇಯ. ಪಾಪ, ಈ ಹುಡುಗಿ ಏನೂ ತಿಂದಂಗಿಲ್ಲ."

ತಾಯಿ ನನ್ನನ್ನೇ ನೋಡಿದರು. "ಊಟ ಮಾಡಿಲ್ವೇನವ್ವ?"

ಇಲ್ಲವೆಂದು ತಲೆಯಾಡಿಸಿದೆ.

ಅವರು ಸೆರಗು ಸಿಕ್ಕಿಸಿಕೊಂಡು ನೇರ ನಮ್ಮ ಅಡುಗೆಮನೆಗೇ ನುಗ್ಗಿದರು. ಅಜ್ಜಿಗೆ "ನೀವೇನ್ ಅಜ್ಜಿ, ಮಗೀನ ಇಂಗಾ ಉಪವಾಸ ಕೆಡವಾದು?" ಎಂದು ದಬಾಯಿಸಿದ್ದು ನಡುಮನೆಗೂ ಕೇಳಿಸಿತು. ಎಲೆಯ ಮೇಲೆ ಒಬ್ಬಟ್ಟು, ತುಪ್ಪ ಹಾಕಿ ತಂದು ನನ್ನ ಮುಂದಿಟ್ಟು, "ಮೊದ್ಲು ತಿನ್ನು. ಆಮ್ಯಾಕೆ ನೋಡಾದು ಗೀಡಾದು" ಎಂದರು. ಗಂಡಿನ ಕಡೆಯವರು ನೋಡುತ್ತಿರುವಂತೆಯೇ ನಾನು ಒಬ್ಬಟ್ಟು ತಿಂದೆ. ನಾಚಿಕೆಯಾಗುತ್ತಿತ್ತು, ಆದರೂ ಇನ್ನೊಂದು ಬಡಿಸಿದಾಗ ಬೇಡ ಎನ್ನಲಿಲ್ಲ. ಇಂಥ ಅತ್ತೆಯ ಮನೆಗಾದರೆ ಹೋಗಬಹುದು ಎಂದು ಆಗಲೇ ನನ್ನ ಮನಸ್ಸಿಗೆ ಬಂದಿತ್ತು. ಹುಡುಗನ ಮುಖವನ್ನು ಸರಿಯಾಗಿ ನೋಡಿದ್ದು ಆಮೇಲೆ.

ಮದುವೆಯಾಗಿ ನಾಗಮಂಗಲಕ್ಕೆ ಹೋದೆ. ಇವರಿಗೆ ಔಷಧಿಯ ಮೇಲೆ ಎಷ್ಟು ಪ್ರೀತಿಯೋ ರೋಗದ ಹೆಸರುಗಳ ಮೇಲೂ ಅಷ್ಟೇ ಪ್ರೀತಿ ಎಂಬುದು ಅಲ್ಲಿ ತಿಳಿಯಿತು. ಸಂಜೆ ಕೆರೆ ಏರಿಯ ಮೇಲೆ ತಿರುಗಾಡುವಾಗ ಒಂದೊಂದೇ ಹೇಳುತ್ತಿದ್ದರು. ಬೆನ್ನುಮೂಳೆಯ ತುದಿಗೆ ಕಾಕ್ಸಿಕ್ಸ್ ಎನ್ನುತ್ತಾರೆ. ಗ್ರೀಕರ ಕಣ್ಣಿಗೆ ಅದು ಕೋಗಿಲೆಯ ಕೊಕ್ಕಿನ ಹಾಗೆ ಕಂಡಿತ್ತಂತೆ. ಬಿಕ್ಕಳಿಕೆಗೆ ಲ್ಯಾಟಿನ್ನಿನಲ್ಲಿ ಸಿಂಗಲ್ಟಸ್; ಬಿಕ್ಕಿ ಬಿಕ್ಕಿ ಅಳುವುದಕ್ಕೂ ಅದೇ ಪದ.

ಒಂದು ಸಂಜೆ ತೋಳು ಮಡಿಸಿ ತೋರಿಸಿ, "ಮಸಲ್ ಅಂದ್ರೆ ಲ್ಯಾಟಿನ್ನಲ್ಲಿ ಪುಟ್ಟ ಇಲಿ. ನೋಡು, ಚರ್ಮದ ಕೆಳಗೆ ಇಲಿ ಓಡ್ದಂಗೆ ಕಾಣ್ತದೆ" ಎಂದರು.

"ನಮ್ಮ ಕಾಲಲ್ಲೂ ಮೀನು ಐತಲ್ಲ" ಎಂದೆ.

"ಮೀನಾ?"

"ಮೀನಖಂಡ ಅನ್ನಾಕಿಲ್ವಾ?"

ಇವರು ಏರಿಯ ಮೇಲೆ ಗಕ್ಕನೆ ನಿಂತು, ತಮ್ಮ ಕಾಲಿನ ಹಿಂಭಾಗವನ್ನು ತಾವೇ ಮುಟ್ಟಿ ನೋಡಿಕೊಂಡರು. "ಲೇ, ಹುಟ್ದಾಗಿಂದ ಹೇಳ್ತಾ ಇದೀನಿ, ಒಂದ್ ದಿನಾನೂ ಹೊಳೀಲಿಲ್ವಲ್ಲೇ!" ಎಂದು ಜೋರಾಗಿ ನಕ್ಕರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನಮ್ಮನ್ನೇ ನೋಡಿದರು. ಅಂದಿನಿಂದ ನಾನೂ ಈ ಆಟದಲ್ಲಿ ಪಾಲುಗಾರ್ತಿಯಾದೆ.

ಆಸ್ಪತ್ರೆಯಲ್ಲಿಯೂ ಇವರು ಬದಲಾದರು. ರೋಗಿಯ ಎದುರು ದೊಡ್ಡ ಹೆಸರು ಹೇಳಬೇಕಾದರೆ, ಹಿಂದೆಯೇ ಅದರ ಅರ್ಥವನ್ನೂ ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ಅರ್ಥ ತಿಳಿದ ಮೇಲೆ ಅರ್ಧ ಭಯ ಹೋಗುತ್ತದೆ ಎಂದು ನನ್ನ ಬಳಿ ಹೇಳಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮತ್ತೆ ಅರಕೆರೆಯಿಂದ ಬಂದಿದ್ದಾಗ ಅವರ ಕಣ್ಣಿನ ರೆಪ್ಪೆಯ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಇವರು ಬೆಳಕಿಗೆ ಹಿಡಿದು ನೋಡಿ, "ಹಾರ್ಡಿಯೋಲಮ್ ಕಣವ್ವ. ಲ್ಯಾಟಿನ್ನಲ್ಲಿ ಸಣ್ಣ ಬಾರ್ಲಿ ಕಾಳು ಅಂತ ಅರ್ಥ. ಬಿಸಿ ಬಟ್ಟೆ ಒತ್ಕೊ, ಹೋಯ್ತದೆ" ಎಂದರು.

ಅತ್ತೆ ನನ್ನ ಕೈಯಿಂದ ಕನ್ನಡಿ ಕಸಿದುಕೊಂಡು ಬಹಳ ಹೊತ್ತು ಪರೀಕ್ಷಿಸಿದರು.

"ಬಾರ್ಲಿ ಎಲ್ಲಿ ಬಂತ್ಲಾ? ನಾವೇನ್ ಬಾರ್ಲಿ ಬಿತ್ತೀವಾ? ಇದು ರಾಗಿ ಕಾಳ್ನಷ್ಟೇ ಐತೆ. ನಂದುನ್ನ ರಾಗಿ ಅಂತ್ಲೇ ಬರ್ಕೊ."

"ಆಗ್ಲಿ ಕಣವ್ವ, ರಾಗಿ ಅಂತ್ಲೇ ಬರ್ಕೋತೀನಿ" ಎಂದು ಇವರು ಒಪ್ಪಿಕೊಂಡರು. ನಾನು ಬಿಸಿನೀರಿಗಿಡಲು ಒಳಗೆ ಹೋದೆ.