ಅವ್ವ ಹರೂರಿಗೆ ಹೋದ ದಿನ

ನಾನು ಹೋಗದ ಒಂದು ಬಸ್ ಪ್ರಯಾಣ ನನ್ನ ಕನಸಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅವ್ವ ಕಿಟಕಿಯ ಪಕ್ಕ ಕೂತಿದ್ದಾಳೆ, ಸೆರಗಿನ ಗಂಟಿನಲ್ಲಿ ಒಂದು ಚೀಟಿ. ಸೇಲಂ ದಾಟಿದ ಮೇಲೆ ಗುಡ್ಡಗಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತವೆ, ಬಸ್ಸಿಗೆ ಸದ್ದೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತ ನಾನು ಅವಳನ್ನು ಕರೆಯುತ್ತೇನೆ. ಅವಳು ತಿರುಗುವುದಿಲ್ಲ.

ಆ ದಿನ ನಿಜಕ್ಕೂ ನಾನಿದ್ದದ್ದು ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಒಂದು ಚಳಿದೇಶದಲ್ಲಿ. ಗಂಡನ ಕೆಲಸ ಅಲ್ಲಿತ್ತು. ಮಗಳಿಗೆ ಆಗಷ್ಟೇ ವರ್ಷ ತುಂಬಿತ್ತು. ಹೆರಿಗೆ ನನ್ನನ್ನು ಹಿಂಡಿಹಾಕಿತ್ತು. ಇನ್ನೊಂದು ಬೇಡವೇ ಬೇಡ ಎಂದಲ್ಲ, ಈಗ ಬೇಡ ಎನ್ನಿಸಿತ್ತು. ಓಮಲೂರಿನಲ್ಲಿದ್ದ ಅತ್ತೆಗೆ ಮಾತ್ರ ಮೊಮ್ಮಗ ಬೇಕಿತ್ತು, ಅದೂ ಬೇಗ. ನನ್ನ ಗಂಡನೋ, ತಾಯಿ ಹಾಕಿದ ಗೆರೆ ದಾಟದ ಮಗ. ಸೇಲಂನಲ್ಲಿ ಹೆರಿಗೆ ಮಾಡಿಸಿದ ಡಾಕ್ಟರಮ್ಮ ಬರೆದುಕೊಟ್ಟಿದ್ದ ಗರ್ಭ ತಡೆಯುವ ಮಾತ್ರೆಯನ್ನು ನಾನು ಅವನಿಗೆ ತಿಳಿಯದಂತೆ ನುಂಗುತ್ತಿದ್ದೆ. ತಂದದ್ದು ಮುಗಿಯುತ್ತಾ ಬಂದಿತ್ತು.

ಅಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾತ್ರೆ ಸಿಗುತ್ತಿರಲಿಲ್ಲ. ಹೋದೆ. ನನಗೆ ಆ ಭಾಷೆ ಬಾರದು, ಊರು ತಮಿಳುನಾಡು ಎಂದು ತಮಿಳು ಬಲ್ಲ ಒಬ್ಬ ಹೆಂಗಸನ್ನು ಜೊತೆಗೆ ಕೂರಿಸಿದರು. ನೋಡಿದರೆ, ಗಂಡನ ಜೊತೆ ಕೆಲಸ ಮಾಡುವವನ ಹೆಂಡತಿ. ಹಿಂದಿನ ಭಾನುವಾರವಷ್ಟೇ ನಮ್ಮ ಮನೆಯಲ್ಲಿ ಉಂಡು ಹೋಗಿದ್ದಳು. ಏನು ತೊಂದರೆ ಎಂದು ಡಾಕ್ಟರು ಕೇಳಿದರು. ತಲೆನೋವು ಎಂದೆ. ಮನೆಗೆ ಬಂದು, ಹಿಮದ ಮಂಕು ಬೆಳಕಿನಲ್ಲಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಅವ್ವನಿಗೆ ಫೋನ್ ಮಾಡಿದೆ.

ಅವ್ವ ಇರುವುದು ನಂಗವಳ್ಳಿ ಹತ್ತಿರದ ಹಳ್ಳಿಯಲ್ಲಿ. ಅಪ್ಪ ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು. "ಡಾಕ್ಟರಮ್ಮನ ಚೀಟಿ ನನ್ತಾವೇ ಐತೆ. ನಾನು ನೋಡ್ಕೊಂತೀನಿ ಬುಡು" ಎಂದಳು. ಅವಳಿಗೆ ಓದು ಬಾರದು. ಚೀಟಿಯಲ್ಲಿ ನನ್ನ ಹೆಸರು ಮೇಲ್ಗಡೆ ಇರುತ್ತದೆ ಎಂಬುದಷ್ಟು ಗೊತ್ತಿತ್ತು. ಚೀಟಿಯ ಮೇಲ್ಭಾಗ ಹರಿದು ಒಲೆಗೆ ಹಾಕಿದಳು. ಓಮಲೂರು ಬೀಗರ ಊರು, ಆಗದು. ಸೇಲಂನಲ್ಲಿ ನನ್ನ ನಾದಿನಿ ಇದ್ದಳು. ಅವ್ವನ ಪ್ರಕಾರ ಸೇಲಂನ ಪ್ರತಿಯೊಂದು ಮೆಡಿಕಲ್ ಮುಂದೆಯೂ ನಾದಿನಿ ನಿಂತಿರುತ್ತಾಳೆ. ಹಾಗಾಗಿ ಎರಡು ಬಸ್ಸು ಹತ್ತಿ ಹರೂರಿಗೆ ಹೋದಳು.

ಅಂಗಡಿಯವನು ಹರಿದ ಚೀಟಿಯನ್ನು ತಿರುಗಿಸಿ ನೋಡಿ, "ಯಾರುಕ್ಕುಮ್ಮಾ?" ಎಂದು ಕೇಳಿದ. ಯಾರಿಗಮ್ಮಾ ಎಂದು. "ಎನಕ್ಕುತ್ತಾನ್" ಎಂದಳು ಅವ್ವ. ನನಗೇ ಎಂದು. ಅವನು ಅವಳ ಬರಿಹಣೆಯನ್ನು ಒಮ್ಮೆ ನೋಡಿ ಮಾತ್ರೆ ತೆಗೆದುಕೊಟ್ಟ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಇಲ್ಲಿ ಕಿವಿ ಪಕ್ಕದಲ್ಲೇ ನಿಂತಿತ್ತು. ನಮ್ಮೂರಿನಿಂದ ಹರೂರಿಗೆ ಮದುವೆಯಾಗಿ ಹೋದವಳೊಬ್ಬಳು ಮಗುವಿನ ಜ್ವರಕ್ಕೆ ಔಷಧಿ ಕೊಳ್ಳಲು ಬಂದಿದ್ದಳು. ಆ ಮಾತ್ರೆಯ ಪೊಟ್ಟಣ ಅವಳಿಗೂ ಪರಿಚಯದ್ದೇ.

ರಾಗಿ ಹುರಿಹಿಟ್ಟಿನ ಡಬ್ಬಿಯೊಳಗೆ ಹುದುಗಿ, ರಜೆಗೆ ಊರಿಗೆ ಹೋಗಿದ್ದ ಗಂಡನ ಕೈಯಲ್ಲೇ ಮಾತ್ರೆ ನನಗೆ ತಲುಪಿತು. "ನಿಮ್ಮವ್ವನ ಇಟ್ಟು ಒತ್ತು ಒತ್ತು ಭುಜ ಬಿದ್ದೋಯ್ತು" ಎಂದು ಗೊಣಗಿದ ಪುಣ್ಯಾತ್ಮ. ಬೆಲ್ಲ ಹಾಕಿ ಅವನಿಗೂ ಎರಡು ಉಂಡೆ ಕಟ್ಟಿಕೊಟ್ಟೆ.

ಎರಡು ವರ್ಷದ ಮೇಲೆ ಎಲ್ಲರೂ ಊರಿಗೆ ಬಂದೆವು. ಅಪ್ಪನ ಅಣ್ಣನ ಹೆಂಡತಿ, ದೊಡ್ಡವ್ವ, ಊಟಕ್ಕೆ ಕರೆದಿದ್ದಳು. ಅವ್ವ ಒಳಗೆ ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ದೊಡ್ಡವ್ವ ನನ್ನನ್ನು ಹಿತ್ತಿಲಿಗೆ ಕರೆದು, "ನಿಮ್ಮವ್ವ ಅರೂರ್ಗೋಗಿ ಮಾತ್ರೆ ತಂದ್ಳಂತಲ್ಲ. ಗಂಡ ಇಲ್ದೋಳ್ಗೆ ಅದ್ಯಾಕಂತೆ? ನೀನಾದ್ರೂ ಬುದ್ಧಿ ಏಳು" ಎಂದಳು.

ಎರಡು ವರ್ಷದಿಂದ ಊರು ಆಡಿಕೊಂಡಿತ್ತು. ವಾರಕ್ಕೆರಡು ಸಲ ಫೋನಿನಲ್ಲಿ ಅವ್ವ ಮಳೆಯ ಸುದ್ದಿ, ಎಮ್ಮೆಯ ಸುದ್ದಿ, ಕಡಲೆಕಾಯಿ ಸುದ್ದಿ ಎಲ್ಲ ಹೇಳಿದ್ದಳು, ಇದೊಂದನ್ನು ಬಿಟ್ಟು. ಮಗಳಿಗೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಅವಳ ಮೇಲಿನ ಮಾತು ನಿಲ್ಲುತ್ತಿತ್ತು. ಅದು ಓಮಲೂರಿಗೆ ಮುಟ್ಟುತ್ತದೆಂದು ಬಾಯಿ ಬಿಗಿದುಕೊಂಡಿದ್ದಳು. ನನಗೆ ತಡೆಯಲಾರದ ಸಿಟ್ಟು ಬಂತು, ದೊಡ್ಡವ್ವನಿಗಿಂತ ಹೆಚ್ಚಾಗಿ ನನ್ನ ಮೇಲೇ.

ಗಂಡಸರು ಊಟಕ್ಕೆ ಕೂತಿದ್ದರು. ನಡುಮನೆಯ ಬಾಗಿಲಲ್ಲಿ ನಿಂತು, "ಅವ್ವ ತಂದಿದ್ದು ನಂಗೆ. ನಾನೇ ಕೇಳಿ ತರಿಸ್ಕೊಂಡೆ, ನುಂಗ್ದೋಳೂ ನಾನೇ" ಎಂದೆ. ಅನ್ನ ಕಲಸುತ್ತಿದ್ದ ಗಂಡನ ಕೈ ನಿಂತಿತು. ಸಾರು ಬಡಿಸುತ್ತಿದ್ದ ಅವ್ವ ನನ್ನನ್ನು ನುಂಗುವಂತೆ ನೋಡಿದಳು. ಗಂಡ ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ ಮಗಳಿಗೆ ಜ್ವರ ಬಂದು ತಾನೇ ಮಾತಿಗೆ ಬಂದ.

ಊಟದ ದಿನ ಸಂಜೆ ಅವ್ವನೂ ನಾನೂ ಹೊಲದ ದಾರಿಯಲ್ಲಿ ಮನೆಗೆ ನಡೆದೆವು. ಕಡಲೆಕಾಯಿ ಕಿತ್ತ ಹಸಿಮಣ್ಣಿನ ವಾಸನೆ, ಎಲ್ಲದರ ಮೇಲೂ ಹಳದಿ ಬೆಳಕು. ಇದು ಈಗ ನಡೆಯುತ್ತಿದೆಯೋ, ಎಂದೋ ನಡೆದದ್ದು ನೆನಪಾಗುತ್ತಿದೆಯೋ ತಿಳಿಯದಂಥ ಹೊತ್ತು.

"ಯಾಕೆ ಏಳೋಕೋದೆ? ನಂದೇನೋ ಆಗೋಗಿತ್ತು" ಎಂದಳು. ಇನ್ನಷ್ಟು ದೂರ ನಡೆದ ಮೇಲೆ, ನನ್ನ ಮುಖ ನೋಡದೆ ಕೇಳಿದಳು: "ಆ ಮಾತ್ರೆ ನಮ್ ಕಾಲ್ದಾಗೂ ಇತ್ತಾ ಮಗಾ?"

ಐದು ಹೆತ್ತು ಇಬ್ಬರನ್ನು ಉಳಿಸಿಕೊಂಡವಳು ಅವಳು. ಇರಲಿಲ್ಲ ಎಂದುಬಿಡೋಣವೆಂದು ಬಾಯಿ ತೆರೆದೆ. ಆದರೆ ನನ್ನ ಸುಳ್ಳುಗಳನ್ನು ಅವಳು ಸಾಕಷ್ಟು ಹೊತ್ತಿದ್ದಳು.

"ಇತ್ತು ಕಣವ್ವ" ಎಂದೆ.

"ಊಂ" ಎಂದಳು.