ಲೂಕ್ ಎರಡು ಸಲ ಹೇಳಿದ ಮಾತು

ಫ್ರೆಂಚ್ ಭಾಷೆ ಮತ್ತು ಸಂಸ್ಕೃತಿಯಲ್ಲಿ ಎಂ.ಎ. ಮುಗಿಸಿ ನಾನು ಹೊಸಪೇಟೆಗೆ ಮರಳಿದಾಗ, "ಹಂಪಿಯಾಗ ಗೈಡ್ ಆಗಾಕ ಇಷ್ಟ್ ಓದಬೇಕಿತ್ತೇನವಾ?" ಎಂದು ಸೋದರಮಾವ ರೇಗಿಸಿದ್ದ. ಮರುವರ್ಷವೇ ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ದುಭಾಷಿಯ ಕೆಲಸ ಸಿಕ್ಕಿತು. ಅದಿರು ಪುಡಿಮಾಡುವ ಹೊಸ ಕ್ರಷರ್ ಜೋಡಿಸಲು ಫ್ರಾನ್ಸಿನಿಂದ ಲೂಕ್ ಎಂಬ ತಂತ್ರಜ್ಞರು ಬಂದಿದ್ದರು. ಅವರಿಗೂ ಕಾರ್ಮಿಕರಿಗೂ ನಡುವೆ ನಾನು.

ದುಭಾಷಿಯ ನಿಯಮ ಸರಳ. ಆಡಿದವರ ಮಾತನ್ನು 'ನಾನು' ಎಂದೇ ಹೇಳಬೇಕು. ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕವೇ ಬಂದಿತ್ತು ನನಗೆ.

ಮಳೆಗಾಲದ ಒಂದು ಬೆಳಿಗ್ಗೆ ಅದಿರಿನ ಗುಡ್ಡೆ ಜಾರಿ ಕ್ರಷರ್ ಶೆಡ್ಡಿನ ಮೇಲೆ ಬಿತ್ತು. ಒಳಗೆ ಲೂಕ್ ಇದ್ದರು. ತಗಡಿನ ಸಂದಿಯಿಂದ ಅವರ ದನಿ ಮಾತ್ರ ಬರುತ್ತಿತ್ತು. ಕೆಂಪು ಕೆಸರಿನಲ್ಲಿ ಮಂಡಿಯೂರಿ, ಕೇಳಿದ್ದನ್ನು ಕೂಗಿ ಹೇಳಿದೆ:

"ನನ್ನ ಎಡಗಾಲು ಸಿಕ್ಕೊಂಡೈತಿ. ಉಸಿರಾಡಾಕ ಆಗತೈತಿ."

ಫೋರ್‌ಮನ್ ಬಸಣ್ಣ ಗಾಬರಿಯಿಂದ ನನ್ನ ಕಾಲನ್ನೇ ನೋಡಿದರು. ಆಮೇಲೆ ತಿಳಿದು, ಎಡಗಡೆಯಿಂದ ಅಗೆಸತೊಡಗಿದರು.

ಲೂಕ್ ಮತ್ತೆ ಮಾತಾಡಿದರು. ತಮ್ಮ ಬಲಗೈಯನ್ನು ಯಾರೋ ಹಿಡಿದುಕೊಂಡಿದ್ದಾರೆ ಎಂದರು. ಹಾಜರಿ ಪುಸ್ತಕದ ಪ್ರಕಾರ ಒಳಗಿದ್ದವರು ಅವರೊಬ್ಬರೇ.

"ಏನಂತಾರ್ರಿ?" ಬಸಣ್ಣ ಕೇಳಿದರು.

"ಏನೋ ಬಡಬಡಿಸ್ತಾರ."

ಅಗೆಯುವವರು ದೆವ್ವವೆಂದು ಹೆದರಿ ಕೈಬಿಟ್ಟರೆ ಲೂಕ್ ಉಳಿಯುವುದಿಲ್ಲ ಎಂದು ನಾನೇ ಲೆಕ್ಕ ಹಾಕಿಬಿಟ್ಟಿದ್ದೆ.

ಅರ್ಧ ಗಂಟೆಯ ನಂತರ ಅವರು ಅದನ್ನೇ ಹೇಳಿದರು, ಈ ಸಲ ಬಹಳ ಮೆಲ್ಲಗೆ. ಇನ್ನು ತಡೆದುಕೊಳ್ಳಲಾಗಲಿಲ್ಲ.

"ನನ್ನ ಬಲಗೈ ಯಾರೋ ಹಿಡಕೊಂಡಾರ."

ಗುದ್ದಲಿಗಳೆಲ್ಲ ನಿಂತವು. ಎಲ್ಲರೂ ನನ್ನ ಬಲಗೈ ನೋಡಿದರು. ಅದು ಖಾಲಿಯಿದೆ ಎಂದು ಗೊತ್ತಿದ್ದೂ ನಾನೂ ನೋಡಿಕೊಂಡೆ.

"ವಾಚ್‌ಮನ್ ಹನುಮಂತಪ್ಪನ್ನ ಯಾರರ ನೋಡೀರೇನ್ಲೇ?" ಎಂದರು ಬಸಣ್ಣ ಒಮ್ಮೆಲೇ. ರಾತ್ರಿಪಾಳಿ ಮುಗಿಸಿ, ಸಹಿ ಹಾಕಿ, ಕಂಪನಿ ಬಸ್ಸು ಹತ್ತಿ ಮರಿಯಮ್ಮನಹಳ್ಳಿಗೆ ಹೋಗಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದರು.

ಬಲಗಡೆ ಅಗೆದಾಗ ಸಿಕ್ಕರು. ಗುಡ್ಡೆ ಜಾರುವುದನ್ನು ಕಂಡು ಒಳಗೆ ಓಡಿದ್ದರು. ಕೂಗಿದರೆ ಲೂಕ್‌ಗೆ ಅರ್ಥವಾಗದು. ಅದಕ್ಕೇ ಕೈ ಹಿಡಿದು ಎಳೆದಿದ್ದರು. ಹಿಡಿದ ಕೈ ಹಾಗೇ ಇತ್ತು, ಜೀವ ಇರಲಿಲ್ಲ. ಲೂಕ್ ಬದುಕಿದರು.

ಮೂರನೆಯ ದಿನ ಹನುಮಂತಪ್ಪನವರ ಹೆಂಡತಿ ಗಂಗಮ್ಮ ಲೂಕ್ ಇದ್ದ ಸಂಡೂರಿನ ಆಸ್ಪತ್ರೆಗೆ ಬಂದರು.

"ನಮ್ಮನಿಯವರು ಎಷ್ಟೊತ್ತು ಜೀವಂತ ಇದ್ರು ಅಂತ ಇವರನ್ನ ಕೇಳವ್ವಾ."

ಲೂಕ್ ಗಂಗಮ್ಮನ ಮುಖವನ್ನೇ ನೋಡುತ್ತ ಉತ್ತರಿಸಿದರು. ಯಾವ ಮಾತು ಹುಚ್ಚು, ಯಾವುದು ಮುಖ್ಯ ಎಂದು ತೀರ್ಮಾನಿಸುವ ಹಕ್ಕು ದುಭಾಷಿಗಿಲ್ಲ ಎಂಬುದನ್ನು ನಾನು ನಿಜವಾಗಿ ಕಲಿತದ್ದು ಆ ಮಂಚದ ಪಕ್ಕದಲ್ಲಿ. ಒಂದನ್ನೂ ಬಿಡದೆ ಹೇಳಿದೆ:

"ನಾನು ಮೊದಲನೇ ಸಲ ಹೇಳಿದಾಗ ಆ ಕೈ ನನ್ನ ಕೈಯನ್ನ ಹಿಸುಕತಿತ್ತು. ಎರಡನೇ ಸಲ ಹೇಳೂ ಹೊತ್ತಿಗೆ ತಣ್ಣಗಾಗಿತ್ತು."

"ಹಂಗಾರ ಮೊದಲನೇ ಸಲಾನ ಯಾಕ ಆ ಕಡೆ ಅಗೀಲಿಲ್ಲ?" ಗಂಗಮ್ಮ ಲೂಕ್‌ರನ್ನು ಕೇಳಿದರು.

ಆ ಪ್ರಶ್ನೆಯನ್ನು ನಾನು ಫ್ರೆಂಚಿನಲ್ಲಿ ಹೇಳಲಿಲ್ಲ. ಗಂಗಮ್ಮನ ಕಡೆ ತಿರುಗಿದೆ.

"ಅವರು ಹೇಳಿದ್ರವ್ವಾ. ನಾನು ಅಗಿಯಾವರಿಗೆ ಹೇಳಲಿಲ್ಲ."