ಮೂರು ಮನೆಯವಳ ನಾಲ್ಕು ದಿನದ ರಜೆ

ಗೋವಾದ ಪರ್ವರಿಯ ಒಂದೇ ಬಿಲ್ಡಿಂಗಿನಲ್ಲಿ ನಾನು ಮೂರು ಮನೆಗಳ ಪಾತ್ರೆ ತಿಕ್ಕುತ್ತೇನೆ, ಕಸ ಹೊಡೆಯುತ್ತೇನೆ, ನೆಲ ಒರೆಸುತ್ತೇನೆ. ಮೂವರಿಗೂ ನಾನು ಪಾರ್ಟ್ ಟೈಮ್. ಮೂರು ಪಾರ್ಟು ಕೂಡಿದರೆ ಬೆಳಗಿನ ಏಳರಿಂದ ಮಧ್ಯಾಹ್ನ ಮೂರರ ತನಕ ಆಗುತ್ತದೆ ಅನ್ನುವುದು ನನ್ನ ಮೊಣಕಾಲಿಗೆ ಮಾತ್ರ ಗೊತ್ತು.

ರಜೆ ಕೊಡುವುದಿಲ್ಲ ಅಂತ ಅವರ ಮೇಲೆ ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಕೊಡುತ್ತಿದ್ದರು, ಸಂಬಳ ಹಿಡಿಯದೆಯೇ ಕೊಡುತ್ತಿದ್ದರು. ಮೊದಲನೇ ಮಾಳಿಗೆಯ ದಿಲ್ಲಿ ಮೇಡಂ ಮೇ ತಿಂಗಳಲ್ಲಿ ತವರಿಗೆ ಹೋದಾಗ ಎಂಟು ದಿನ. ಎರಡನೇ ಮಾಳಿಗೆಯಲ್ಲಿ ಧಾರವಾಡದ ಅಕ್ಕಾರು, ಬಟ್ಟೆ ಅಂಗಡಿಯವರು. ಮಳೆಗಾಲದಲ್ಲಿ ಗಿರಾಕಿ ಇಲ್ಲದಾಗ ಅವರು ಊರಿಗೆ ಹೋದರೆ ಐದು ದಿನ. ಮೂರನೇ ಮಾಳಿಗೆಯ ಟೀಚರ್ ಬಾಯಿ, ಗೋವಾದವರೇ, ಡಿಸೆಂಬರಿನಲ್ಲಿ ಮುಂಬೈಗೆ ಹೋದಾಗ ಒಂದು ವಾರ. ಒಟ್ಟು ಇಪ್ಪತ್ತು ದಿನ, ಯಾವ ಸಾಹೇಬನಿಗೆ ಕಡಿಮೆ ನಾನು? ಆದರೆ ಒಂದು ಮನೆಗೆ ಬೀಗ ಬಿದ್ದ ದಿನ ಉಳಿದೆರಡು ಮನೆಯ ಸಿಂಕು ತುಂಬಿರುತ್ತಿತ್ತು. ನನ್ನ ರಜೆ ಅಂದರೆ ಮೂರರ ಬದಲು ಹನ್ನೆರಡಕ್ಕೆ ಖೋಲಿಗೆ ಬಂದು ಗಂಡನ ಅಂಗಿ ಒಗೆಯುವುದು. ಅದರಲ್ಲೂ ಟೀಚರ್ ಬಾಯಿಯ ತುಳಸಿಗೆ ನೀರು ಹಾಕಬೇಕು, ಬೆಕ್ಕಿಗೆ ಬಂಗಡೆ ಮೀನು ಬೇಯಿಸಿ ಹಾಕಬೇಕು. ಆ ಬೆಕ್ಕಿಗೆ ವರ್ಷವಿಡೀ ಸಂಬಳದ ರಜೆ.

ಕಳೆದ ವರ್ಷ ನಮ್ಮ ವಿಜಯಪುರ ಕಡೆಯ ಇಂಡಿಯಿಂದ ಬೀಗತಿಯ ಫೋನು ಬಂತು. ನನ್ನ ಮಗಳಿಗೆ ಏಳು ತಿಂಗಳು ತುಂಬಿತ್ತು, ಬರುವ ಸೋಮವಾರ ಕುಬಸ. ಚೊಚ್ಚಲ ಬಸುರಿಗೆ ಉಡಿ ತುಂಬುವಾಗ ತಾಯಿ ಎದುರಿಗಿರಬೇಕು. ಇಲ್ಲದಿದ್ದರೆ ಆ ಓಣಿಯ ಹೆಂಗಸರು ಹುಡುಗಿಗೆ ಸಾಯುವ ತನಕ ಆಡಿ ತೋರಿಸುತ್ತಾರೆ. ಊರಲ್ಲಿ ಅಜ್ಜಿಯ ಹತ್ತಿರ ಬೆಳೆದ ಹುಡುಗಿ ಅದು. ಅವಳು ದೊಡ್ಡವಳಾದಾಗಲೂ, ನಿಶ್ಚಯದ ದಿನವೂ ನಾನು ಇಲ್ಲಿ ಯಾರದೋ ಬಾತ್‌ರೂಮು ತಿಕ್ಕುತ್ತಿದ್ದೆ. ಈ ಸಲ ಹೋಗಲೇಬೇಕಿತ್ತು.

ಬದಲಿಗೆ ಒಬ್ಬಳನ್ನು ಕಳಿಸುವುದು ನಮ್ಮಲ್ಲಿ ಪದ್ಧತಿ. ಬದಲಿಗೆ ಬಂದವಳು ಆ ದಿನಗಳ ಸಂಬಳವನ್ನೂ ಒಯ್ಯುತ್ತಾಳೆ, ಕೈ ಚುರುಕಿದ್ದರೆ ಮನೆಯನ್ನೂ ಒಯ್ಯುತ್ತಾಳೆ. ದಿಲ್ಲಿ ಮೇಡಂ ಮನೆಯನ್ನು ನಾನು ಹಿಡಿದದ್ದು ಹಾಗೆಯೇ, ಅದಕ್ಕೇ ಹೇಳುತ್ತಿದ್ದೇನೆ.

ಬದಲಿ ಕಳಿಸದೆ ನಾಲ್ಕು ದಿನ ರಜೆ ಕೇಳಿದೆ. ದಿನಕ್ಕೆರಡು ತಾಸಿನ ಕೆಲಸಕ್ಕೆ ಇಡೀ ದಿನದ ರಜೆಯೇ ಅಂದರು ದಿಲ್ಲಿ ಮೇಡಂ. ಉಳಿದವರನ್ನು ಕೇಳಿದೆಯಾ ಅಂದರು ಟೀಚರ್ ಬಾಯಿ. ಅಕ್ಕಾರು ಚಹಾ ಕೊಟ್ಟು ಕೂರಿಸಿದರು.

"ನೀ ನಮ್ಮಾಕಿ. ಹೋಗಬ್ಯಾಡ ಅಂತ ನಾ ಹೆಂಗ ಅನ್ಲಿ? ಮ್ಯಾಲಿನವ್ರು, ಕೆಳಗಿನವ್ರು ಏನಂತಾರ ಕೇಳ್ಕೊಂಡ್ ಬಾ."

ನಮ್ಮಾಕಿ ಅಂದವರ ಮನೆಯಲ್ಲೇ ಯಾವಾಗಲೂ ಎರಡು ಪಾತ್ರೆ ಜಾಸ್ತಿ. ಆ ಚಹಾದ ಕಪ್ಪನ್ನೂ ನಾನೇ ತೊಳೆದೆ.

ಮರುದಿನ ಒಂದೊಂದು ಮನೆಗೂ ಹೋಗಿ, ಉಳಿದ ಇಬ್ಬರೂ ಆಗಲೇ ಒಪ್ಪಿದ್ದಾರೆ ಅಂದುಬಿಟ್ಟೆ.

"ದಿಲ್ಲಿಯವ್ರೂ ಹೂಂ ಅಂದ್ರ? ಪಗಾರ ಹಿಡಿಲಾರದ?" ಅಕ್ಕಾರು ಲಟ್ಟಣಿಗೆ ಕೆಳಗಿಟ್ಟರು.

"ಹೌದ್ರಿ."

"ಹಂಗಾದ್ರ ನಾವೇನ್ ಅವ್ರಕಿಂತ ಕಡಿಮಿ? ಹೋಗಿ ಬಾ."

ಉಳಿದೆರಡು ಮನೆಯಲ್ಲೂ ಇದೇ ಕಥೆ, ಭಾಷೆ ಬೇರೆ. ಜಿಪುಣಿ ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ.

ಶನಿವಾರ ಕಸದ ಡಬ್ಬಿ ಹಿಡಿದು ಟೀಚರ್ ಬಾಯಿಯ ಜೊತೆ ಲಿಫ್ಟಿನಲ್ಲಿ ಇಳಿಯುತ್ತಿದ್ದೆ. ಎರಡರಲ್ಲಿ ಅಕ್ಕಾರು ಹತ್ತಿದರು, ಒಂದರಲ್ಲಿ ದಿಲ್ಲಿ ಮೇಡಂ. ನಾನು ಡಬ್ಬಿ ಹಿಡಿದು ಮೂಲೆಗೆ ಸರಿದೆ. ಅಕ್ಕಾರು ತಮ್ಮ ಹಿಂದಿಯಲ್ಲಿ ಶುರು ಮಾಡಿದರು: ಪಾಪ ಇವಳಿಗೆ ಮೊದಲು ರಜೆ ಕೊಟ್ಟದ್ದು ನಾನೇ. ಇಲ್ಲ, ಮೊದಲು ನಾನು ಅಂದರು ಟೀಚರ್ ಬಾಯಿ. ಇವಳು ಕೇಳುವ ಮೊದಲೇ ನಾನು ಕೊಟ್ಟಿದ್ದೆ ಅಂದರು ದಿಲ್ಲಿ ಮೇಡಂ. ತಾನು ಕೊನೆಯವಳು ಅಂತಲೇ ಪ್ರತಿಯೊಬ್ಬರೂ ತಿಳಿದಿದ್ದರು, ಆದರೂ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾನು ಡಬ್ಬಿಯಲ್ಲಿನ ಮೀನಿನ ಮುಳ್ಳು ನೋಡುತ್ತ ನಿಂತೆ. ಮರುದಿನ ಕೆಲಸ ಮುಗಿಸಿ ರಾತ್ರಿ ವಿಜಯಪುರದ ಬಸ್ಸು ಹತ್ತಿದೆ.

ಕುಬಸದ ಹಸಿರು ಸೀರೆ ತವರಿನಿಂದಲೇ ಬರಬೇಕು. ನಾನು ತಂದದ್ದು ಬ್ಯಾಗಿನಲ್ಲಿತ್ತು. ಮಗಳು ಆಗಲೇ ಹೊಸ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿ ಕೂತಿದ್ದಳು.

"ಬರ್ರಿ, ಬರ್ರಿ. ನೀವು ಕಳಿಸಿದ ಸೀರಿ ಭಾಳ ಚಲೋ ಐತ್ರಿ," ಅಂದರು ಬೀಗತಿ. "ಅವ್ವಗ ರಜಾ ಸಿಕ್ಕಿಲ್ಲ, ಸೀರಿ ಕಳಿಸ್ಯಾಳ ಅಂದಿದ್ಲು ನಿಮ್ಮ ಮಗಳು."

ನಾನು ಕಳಿಸಿರಲಿಲ್ಲ. ಬರುತ್ತೇನೆ ಅಂತ ಮಗಳಿಗೆ ಫೋನಿನಲ್ಲಿ ಮೂರು ಸಲ ಹೇಳಿದ್ದೆ, ಮೂರು ಸಲವೂ ಅವಳು ಹೂಂ ಅಂದಿದ್ದಳು. ಅರಿಷಿಣ ಹಚ್ಚಲು ಬಗ್ಗಿದಾಗ ಕಿವಿಯಲ್ಲಿ ಹೇಳಿದಳು:

"ಪ್ರತಿ ಸಲ ಬರ್ತೀನಿ ಅಂತಿದ್ದಿ ಅವ್ವಾ. ಅದಕ್ಕ ಕೂಲಿಗೆ ಉಳ್ಳಾಗಡ್ಡಿ ಕೀಳಾಕ ಹೋಗಿ, ಆ ರೊಕ್ಕದಾಗ ಸೀರಿ ನಾನ ತಂದಿಟ್ಕೊಂಡೆ. ಅತ್ತಿ ಮುಂದ ಹೇಳಬ್ಯಾಡ."

ಏಳು ತಿಂಗಳ ಹೊಟ್ಟೆ ಹೊತ್ತು ಅವಳು ಬಗ್ಗಿ ಉಳ್ಳಾಗಡ್ಡಿ ಕಿತ್ತಿದ್ದಳು, ನನ್ನ ಮಾನ ಉಳಿಸಲು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬೀಗತಿಯ ಕಡೆ ತಿರುಗಿ, ಹೌದ್ರಿ, ನಾನ ಕಳಿಸಿದ್ದು ಅಂದೆ. ಬ್ಯಾಗನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ ಹಿತ್ತಲಿಗೆ ಹೋದೆ, ಸಂಬಳ ಹಿಡಿಯದೆ ಕೊಟ್ಟ ರಜೆಯ ಮೊದಲ ದಿನವನ್ನು ಅಳುವುದರಲ್ಲೇ ಕಳೆದೆ.